ಹಡಗಿನಲ್ಲಿ ಹುರಿಹಿಟ್ಟು

ಹಡಗಿನ ತರಗತಿಯಲ್ಲಿ ಕುರ್ಚಿಗಳನ್ನು ನೆಲಕ್ಕೆ ಕೊಕ್ಕೆ ಹಾಕಿ ಕಟ್ಟಿದ್ದರು. ಬೋರ್ಡನ್ನು ಮೂಲೆಮೂಲೆಗೂ ತಿರುಪು ಹಾಕಿ ಗೋಡೆಗೆ ಬಿಗಿದಿದ್ದರು. ಪುಸ್ತಕದ ಕಪಾಟುಗಳಿಗೆ ಅಡ್ಡಪಟ್ಟಿ ಇತ್ತು. ಕಟ್ಟದೆ ಬಿಟ್ಟಿದ್ದು ವಿದ್ಯಾರ್ಥಿಗಳನ್ನು ಮಾತ್ರ.

ಚೆನ್ನೈ ಬಂದರು ಬಿಟ್ಟು, ಶ್ರೀಲಂಕಾ ಬಳಸಿ, ಹಡಗು ಆಫ್ರಿಕಾದ ಕಡೆಗೆ ಮುಖ ಮಾಡಿತ್ತು. ಮುಂಗಾರು ಮುಗಿಯುತ್ತ ಬಂದಿದ್ದರೂ ಸಮುದ್ರ ಇನ್ನೂ ತಣ್ಣಗಾಗಿರಲಿಲ್ಲ. ಸಾಗರದ ಪ್ರವಾಹಗಳ ಬಗ್ಗೆ ಪಾಠ ಮಾಡುತ್ತಿದ್ದ ಪ್ರೊಫೆಸರು ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯಲ್ಲಿ ಬೋರ್ಡಿನ ಮೇಲೆ ಬಾಣದ ಗುರುತು ಎಳೆಯುತ್ತಿದ್ದರು, ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ. ಆ ಬಾಣವನ್ನು ನೋಟ್‌ಬುಕ್ಕಿಗೆ ಇಳಿಸಲು ನಾನು ತಲೆ ಬಗ್ಗಿಸಿದೆ. ಎತ್ತುವಷ್ಟರಲ್ಲಿ ಬಾಯಿಗೆ ಹುಳಿ ನೀರು ಬಂದಿತ್ತು. ಬಾಗಿಲಿಗೆ ಓಡಿದೆ. ಹಿಂದಿನ ದಿನವೂ ಹಾಗೇ ಓಡಿದ್ದೆ.

ಅವತ್ತು ಮಧ್ಯಾಹ್ನ ಹಡಗಿನ ಡಾಕ್ಟರಮ್ಮ ಕರೆಸಿದರು. ನರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದ, ಸುತ್ತಿ ಬಳಸಿ ಮಾತಾಡದ ಹೆಂಗಸು. ಮುಂದಿನ ಬಂದರು ಮೊಂಬಾಸಾ. ಅಲ್ಲಿ ತಲುಪುವುದರೊಳಗೆ ತಿಂದದ್ದು ನನ್ನ ಹೊಟ್ಟೆಯಲ್ಲಿ ನಿಲ್ಲಬೇಕು, ತರಗತಿಯಲ್ಲಿ ನಾನು ಕೊನೆಯವರೆಗೂ ನಿಲ್ಲಬೇಕು. ಎರಡೂ ಆಗದಿದ್ದರೆ ಅಲ್ಲೇ ಇಳಿಸಿ ವಿಮಾನ ಹತ್ತಿಸುತ್ತೇವೆ ಎಂದರು. ಬೆದರಿಕೆಯ ದನಿಯಲ್ಲ, ನಾಳಿನ ಹವಾಮಾನ ಹೇಳುವ ದನಿ.

ಅದು ಓದಿಸುವ ಹಡಗು. ಪರದೇಶದ ಒಂದು ವಿಶ್ವವಿದ್ಯಾಲಯ ಹಡಗನ್ನು ಬಾಡಿಗೆಗೆ ಹಿಡಿದು, ಒಂದು ಸೆಮಿಸ್ಟರಿನ ಪಾಠವನ್ನು ನೀರಿನ ಮೇಲೆಯೇ ಮಾಡುತ್ತಿತ್ತು. ದಾರಿಯಲ್ಲಿ ಸಿಗುವ ದೇಶಗಳಿಂದಲೂ ಕೆಲವರನ್ನು ಹತ್ತಿಸಿಕೊಳ್ಳುತ್ತಿದ್ದರು. ತುಮಕೂರಿನ ನನ್ನ ಕಾಲೇಜಿನ ಭೂಗೋಳದ ಮೇಷ್ಟ್ರು ಅದನ್ನು ಎಲ್ಲೋ ಓದಿ, ಅರ್ಜಿ ಹಾಕಿಸಿ, ಸಂದರ್ಶನಕ್ಕೆ ತಯಾರು ಮಾಡಿ ಕಳಿಸಿದ್ದರು. ಎರಡು ಸಾವಿರದ ಇಸವಿಯ ಆಸುಪಾಸು. ಕೊನೆಯ ವರ್ಷದ ಬಿ.ಎ.ಯನ್ನು ಅರ್ಧಕ್ಕೆ ನಿಲ್ಲಿಸಿ ಬಂದಿದ್ದೆ. ಮೊಂಬಾಸಾದಲ್ಲಿ ಇಳಿಸಿದರೆ ಹಡಗಿನ ಓದೂ ಇಲ್ಲ, ಕಾಲೇಜಿನ ಆ ವರ್ಷವೂ ಇಲ್ಲ. ಗುಬ್ಬಿಯಲ್ಲಿ, ನಮ್ಮ ಬೀದಿಯಲ್ಲಿ, ಹುಡುಗಿಯನ್ನು ಹಡಗಿಗೆ ಕಳಿಸುವುದು ಬೇಡವೆಂದಿದ್ದವರ ಮಾತು ಗೆಲ್ಲುತ್ತಿತ್ತು. ನಾನು ಇಳಿಯುವುದಿಲ್ಲ ಎಂದು ಡಾಕ್ಟರಮ್ಮನಿಗೆ ಹೇಳಿದೆ. ‘ಅದನ್ನು ನನಗಲ್ಲ, ನಿಮ್ಮ ಹೊಟ್ಟೆಗೆ ಹೇಳಿ’ ಎಂದರು.

ವಾಂತಿಗೆ ನಾನು ಹೊಸಬಳಲ್ಲ. ಗುಬ್ಬಿಯಿಂದ ತುಮಕೂರಿಗೆ ದಿನಾ ಪ್ರೈವೇಟ್ ಬಸ್ಸಿನಲ್ಲಿ ಓಡಾಡಿ ಓದಿದವಳು. ಹೆಚ್ಚು ದೂರವಿಲ್ಲ, ಆದರೆ ಸೀಟಿನಲ್ಲಿ ಕೂತರೆ ಸಾಕು, ಊರು ದಾಟುವಷ್ಟರಲ್ಲಿ ತಲೆ ಸುತ್ತುತ್ತಿತ್ತು. ಡ್ರೈವರ್ ಪಕ್ಕ ಇಂಜಿನ್ ಮುಚ್ಚಳದ ಹತ್ತಿರ ಕಂಬಿ ಹಿಡಿದು ನಿಂತು, ರಸ್ತೆಯ ತುದಿಯ ಮೇಲೆ ಕಣ್ಣು ನೆಟ್ಟರೆ ಏನೂ ಆಗುತ್ತಿರಲಿಲ್ಲ. ಕಂಡಕ್ಟರಿಗೆ ಇದೊಂದು ತಮಾಷೆ.

‘ಹಿಂದೆ ಸೀಟ್ ಖಾಲಿ ಐತೆ, ಹೋಗ್ ಕುಂತ್ಕಳವ್ವ.’

‘ಕುಂತ್ರೆ ನಿಮ್ ಬಸ್ ತೊಳೀಬೇಕಾಗುತ್ತೆ.’

‘ಹಂಗಾದ್ರೆ ನಿಂತ್ಕ ತಾಯಿ. ಬೇಕಾದ್ರೆ ಸ್ಟೇರಿಂಗೂ ಹಿಡ್ಕ.’

ನಿಲ್ಲುವುದು ಅರ್ಧ ಮದ್ದು. ಇನ್ನರ್ಧ ಅಮ್ಮನದು: ಬಸ್ ಹತ್ತುವ ಮುಂಚೆ ಹೊಟ್ಟೆಗೆ ಏನೂ ಹಾಕಬಾರದು. ನಮ್ಮ ಮನೆಯಲ್ಲಿ ಯಾರು ಊರಿಗೆ ಹೊರಟರೂ ಇದೇ ಕಟ್ಟಳೆ. ಮದುವೆಗೆ ಹೋಗಲಿ, ಮಠಕ್ಕೆ ಹೋಗಲಿ, ಇಡೀ ಮನೆ ಹಸಿದುಕೊಂಡು ಬಸ್ ಹತ್ತುತ್ತಿತ್ತು, ಇಳಿದ ಮೇಲೆ ಬುತ್ತಿ ಬಿಚ್ಚುತ್ತಿತ್ತು. ‘ಹೊಟ್ಟೇಲಿ ಇದ್ರೆ ತಾನೆ ಬರೋದು?’ ಎನ್ನುತ್ತಿದ್ದಳು ಅಮ್ಮ. ಆ ತರ್ಕಕ್ಕೆ ಎದುರಾಡುವ ಹಾಗಿರಲಿಲ್ಲ, ಏಕೆಂದರೆ ಬಂದೂ ಇರಲಿಲ್ಲ.

ಹಡಗಿಗೆ ಹೊರಡುವ ಮುಂಚೆ ಹೇಳಿಬರಲು ಕುಣಿಗಲ್ಲಿನ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಚಿಕ್ಕಪ್ಪ ಅಲ್ಲಿ ಕುದುರೆ ಫಾರಂನಲ್ಲಿ ಕೆಲಸಕ್ಕಿದ್ದರು. ಚಿಕ್ಕಮ್ಮ ರಾಗಿಯನ್ನು ನೆನೆಸಿ, ಆರಿಸಿ, ಕಾದ ಮರಳಿನಲ್ಲಿ ಅರಳು ಹುರಿದು, ಮಿಲ್ಲಿನಲ್ಲಿ ಬೀಸಿಸಿ, ಹುರಿಹಿಟ್ಟು ಮಾಡಿಟ್ಟಿದ್ದಳು. ಬಟ್ಟೆಯ ಚೀಲಕ್ಕೆ ತುಂಬಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ, ಗಂಟು ಬಿಗಿದಳು.

‘ಕುದುರೆಗೆ ಕಟ್ಟಿದಂಗೆ ಕಟ್ತಾ ಇದೀಯಲ್ಲೇ’ ಎಂದರು ಚಿಕ್ಕಪ್ಪ.

‘ನೀವ್ ಸುಮ್ನಿರಿ. ಅಲ್ಲಿ ಮೀನು ಕೊಡ್ತಾರೋ, ಮಾಂಸ ಕೊಡ್ತಾರೋ ಯಾರಿಗ್ ಗೊತ್ತು. ಇದಾದ್ರೆ ಒಲೆ ಬೇಡ, ಪಾತ್ರೆ ಬೇಡ. ನೀರು, ಒಂಚೂರು ಬೆಲ್ಲ. ಕಲಸ್ದಾ, ತಿಂದಾ, ಆಯ್ತು.’

ಅಮ್ಮ ನಡುವೆ ಬಾಯಿ ಹಾಕಿದಳು. ‘ಹಡಗು ನಿಂತಾಗ ತಿನ್ನು. ಓಡ್ತಾ ಇರುವಾಗ ಬ್ಯಾಡ ಕಣೇ.’

ನಾನು ತಲೆ ಆಡಿಸಿದೆ. ಹಡಗು ದಿನಗಟ್ಟಲೆ ನಿಲ್ಲದೆ ಓಡುತ್ತದೆ ಎಂಬುದು ಆ ಪಡಸಾಲೆಯಲ್ಲಿ ಕೂತಿದ್ದ ಯಾರಿಗೂ ಹೊಳೆಯಲಿಲ್ಲ. ಭೂಗೋಳ ಓದುತ್ತಿದ್ದ ನನಗೂ.

ಹಡಗಿನಲ್ಲಿ ನಾನು ಅಮ್ಮನ ಮಾತನ್ನು ಅಕ್ಷರಶಃ ಪಾಲಿಸಿದೆ. ಊಟದ ಹಾಲಿನಲ್ಲಿ ಮೇಜುಗಳಿಗೆ ಒದ್ದೆ ಬಟ್ಟೆ ಹಾಸುತ್ತಿದ್ದರು, ತಟ್ಟೆ ಜಾರದಿರಲಿ ಎಂದು. ಎಲ್ಲರೂ ಒಂದು ಕೈ ತಟ್ಟೆಯ ಮೇಲಿಟ್ಟು ಉಣ್ಣುತ್ತಿದ್ದರು. ನಾನು ನಿಂಬೆ ನೀರು ಕುಡಿದು ಎದ್ದು ಬರುತ್ತಿದ್ದೆ. ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟುಕೊಳ್ಳುವುದು ರೂಢಿ. ನನ್ನ ಕೋಣೆಯ ಜೊತೆಗಾತಿ ಬ್ರೆಜಿಲ್ ದೇಶದವಳು, ಯಾವ ಅಲೆಗೂ ಬಗ್ಗದೆ ಹೊಟ್ಟೆತುಂಬ ತಿನ್ನುವವಳು. ಅವಳು ವಿಭೂತಿಯನ್ನೂ ಖಾಲಿ ತಟ್ಟೆಯನ್ನೂ ಕೂಡಿಸಿ ಲೆಕ್ಕ ಹಾಕಿದ್ದಳು. ಹೋಗಿ ಡಾಕ್ಟರಮ್ಮನಿಗೆ, ಇವಳು ದೇವರಿಗೆ ಉಪವಾಸ ಮಾಡುತ್ತಿದ್ದಾಳೆ ಎಂದು ಹೇಳಿದ್ದಳು.

‘ನಿಮ್ಮ ಧರ್ಮದ ಉಪವಾಸವೇ?’ ಎಂದು ಅವತ್ತು ಕರೆಸಿದಾಗಲೇ ಡಾಕ್ಟರಮ್ಮ ಕೇಳಿದ್ದರು.

‘ಅಲ್ಲ, ನಮ್ಮೂರ ಬಸ್ಸಿನ ಉಪವಾಸ.’

ವಿವರಿಸಿದೆ. ಅವರು ನಗಲಿಲ್ಲ. ಅರ್ಧಮುಕ್ಕಾಲು ಗಂಟೆಯ ದಾರಿಗೆ ಅದು ಸರಿ ಹೋಗಿರಬಹುದು, ಖಾಲಿ ಹೊಟ್ಟೆ ದಿನಗಟ್ಟಲೆ ತೊಳಸಿದರೆ ಅದೇ ಕಾಯಿಲೆ ಎಂದರು. ಸ್ವಲ್ಪ ಸ್ವಲ್ಪವೇ ತಿನ್ನಬೇಕು, ಒಣಗಿದ್ದು, ಸಪ್ಪೆಯದು, ದಿನವಿಡೀ. ವಾಂತಿಯಾದರೆ ಬಾಯಿ ಮುಕ್ಕಳಿಸಿ ಮತ್ತೆ ತಿನ್ನಬೇಕು. ಮಾತ್ರೆಯನ್ನೂ ಕೊಟ್ಟರು. ಮಾತ್ರೆ ನುಂಗಿದ ದಿನ ವಾಂತಿಯಾಗಲಿಲ್ಲ. ಪಾಠವೂ ಆಗಲಿಲ್ಲ, ಕುರ್ಚಿಯಲ್ಲೇ ನಿದ್ದೆ ಹೋದೆ. ಡಾಕ್ಟರಮ್ಮನ ಷರತ್ತು ಎರಡಿತ್ತು. ಮಾತ್ರೆಯನ್ನು ಪಕ್ಕಕ್ಕಿಟ್ಟೆ.

ಬಿಸ್ಕತ್ತು ತಿಂದೆ. ಬೆಣ್ಣೆಯ ವಾಸನೆಗೇ ಹೊರಟುಹೋಯಿತು. ಬ್ರೆಡ್ ತಿಂದೆ, ಅದೂ ನಿಲ್ಲಲಿಲ್ಲ. ಆಗ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದ್ದ ಬಟ್ಟೆಯ ಚೀಲ ನೆನಪಾಯಿತು. ಬಂದರಿನಲ್ಲಿ ಬಿಚ್ಚಬೇಕೆಂದು ಇಟ್ಟುಕೊಂಡಿದ್ದ ಹುರಿಹಿಟ್ಟು. ಕಲಸಲು ಒಂದು ಬಟ್ಟಲು ಕೇಳೋಣವೆಂದು ಅಡುಗೆಮನೆಯ ಬಾಗಿಲಿಗೆ ಹೋದೆ. ಅಲ್ಲಿ ಕೆಲಸಕ್ಕಿದ್ದವರಲ್ಲಿ ಮಂಗಳೂರು ಕಡೆಯವರೊಬ್ಬರಿದ್ದರು. ಹಡಗು ಹತ್ತಿದ ದಿನವೇ ಪರಿಚಯವಾಗಿತ್ತು, ಕನ್ನಡ ಕಿವಿಗೆ ಬಿದ್ದದ್ದಕ್ಕೆ ಇಬ್ಬರಿಗೂ ಸಂತೋಷ.

‘ಎಂತ ಇದು? ಸಿಮೆಂಟಾ ಮಾರಾಯ್ರೆ?’ ಚೀಲದೊಳಗೆ ಇಣುಕಿ ಕೇಳಿದರು.

‘ರಾಗಿ ಹುರಿಹಿಟ್ಟು.’

‘ಇದನ್ನು ತಿಂದರೆ ನೀವು ಸೀದಾ ಮುಳುಗ್ತೀರಿ. ಗಂಜಿ ಕೊಡ್ತೇನೆ, ಒಣಮೀನಿನ ಚಟ್ನಿ ಹಾಕಿ ಕುಡೀರಿ. ಒಂದೇ ದಿನದಲ್ಲಿ ಗುಣ.’

‘ನಾವು ಮೀನು ತಿನ್ನಲ್ಲ.’

‘ಮೀನು ತಿನ್ನದವರು ಸಮುದ್ರಕ್ಕೆ ಎಂತಕ್ಕೆ ಬಂದದ್ದು?’

‘ಓದಕ್ಕೆ.’

‘ಓದ್ಲಿಕ್ಕೆ ನಿಮ್ಮ ತುಮಕೂರಲ್ಲಿ ಜಾಗ ಇಲ್ವಾ? ಅಲ್ಲ, ನಿಮ್ಮಲ್ಲಿ ಇಷ್ಟು ನೀರಾದ್ರೂ ಉಂಟಾ?’

‘ಕೆರೆ ಇದೆ. ಕುಣಿಗಲ್ಲಲ್ಲಿ ದೊಡ್ಡದೇ ಇದೆ.’

‘ಕೆರೆ ಅಲ್ಲಾಡ್ತದಾ?’

‘ಅಲ್ಲಾಡಲ್ಲ. ಅದಕ್ಕೇ ಹಿಂಗಾಗಿರೋದು.’

ಅವರು ಜೋರಾಗಿ ನಕ್ಕು ಸ್ಟೀಲಿನ ಬಟ್ಟಲು ಕೊಟ್ಟರು. ಬೆಲ್ಲ ಇರಲಿಲ್ಲ, ಕಂದು ಸಕ್ಕರೆ ಕೊಟ್ಟರು.

ತಣ್ಣೀರು ಚಿಮುಕಿಸಿ ಕಲಸಿದೆ. ಗೋಲಿಯಷ್ಟು ಉಂಡೆ ಕಟ್ಟಿ ಬಾಯಿಗೆ ಹಾಕಿಕೊಂಡೆ. ಹುರಿದ ರಾಗಿಯ ವಾಸನೆಗೆ ಹೊಟ್ಟೆ ಎದುರಾಡಲಿಲ್ಲ, ಆದರೆ ಇಟ್ಟುಕೊಳ್ಳಲೂ ಇಲ್ಲ. ಬಾಯಿ ಮುಕ್ಕಳಿಸಿ ಬಂದು ಇನ್ನೊಂದು ಉಂಡೆ ತಿಂದೆ. ವಾಂತಿ ಮಾಡಿಕೊಂಡ ಬಾಯಿಗೆ ಮತ್ತೆ ತುತ್ತು ಇಡುವುದು ನಮ್ಮ ಮನೆಯಲ್ಲಿ ಯಾರೂ ಮಾಡದ ಕೆಲಸ. ಒಂದು ಸಲ ಕಕ್ಕಿದರೆ ದಿನವಿಡೀ ಲಂಘನ. ಕೈ ಹಿಂದೆಗೆಯುತ್ತಿತ್ತು. ಮೊಂಬಾಸಾ ಎಂದುಕೊಂಡು ತಿಂದೆ. ಅದೂ ಹೋಯಿತು. ಮತ್ತೆ ಕಲಸಿದೆ. ಜೊತೆಗಾತಿ ಮಂಚದ ಮೇಲೆ ಕೂತು ನೋಡುತ್ತಿದ್ದಳು. ಸಂಜೆಯ ಹೊತ್ತಿಗೆ ಒಂದು ಉಂಡೆ ನಿಂತಿತು. ನಿಂತಿದೆ ಎಂದು ತಿಳಿಯಲು ಕೂಡ ಸಾಕಷ್ಟು ಹೊತ್ತು ಹಿಡಿಯಿತು. ಅವಳು ತಾನೂ ಒಂದು ಬೇಕೆಂದು ಕೇಳಿ ತಿಂದು, ಮುಖ ಕಿವುಚಿ, ‘ಇದು ನಿಲ್ಲದೆ ಇನ್ನೇನು, ಇದಕ್ಕೆ ಹೊರಗೆ ಬರಲು ಶಕ್ತಿಯೇ ಇಲ್ಲ’ ಎಂದಳು.

ಹೊಟ್ಟೆಯದು ಒಂದು ದಾರಿಗೆ ಬಂತು. ತರಗತಿಯದು ಉಳಿಯಿತು.

ತಲೆ ಬಗ್ಗಿಸಿ ಬರೆದರೆ ತೊಳಸುತ್ತದೆ, ಬರೆಯದಿದ್ದರೆ ಪಾಠ ಉಳಿಯುವುದಿಲ್ಲ. ತರಗತಿಯ ಹಿಂದಿನ ಗೋಡೆಯಲ್ಲಿ ಅಗಲವಾದ ಕಿಟಕಿ ಇತ್ತು. ಅಲ್ಲಿ ನಿಂತರೆ ನೀರು ಮುಗಿದು ಆಕಾಶ ಶುರುವಾಗುವ ಗೆರೆ ಕಾಣುತ್ತಿತ್ತು. ಹಡಗಿನಲ್ಲಿ ಅಲ್ಲಾಡದಿದ್ದ ವಸ್ತು ಅದೊಂದೇ, ಗುಬ್ಬಿ ಬಸ್ಸಿನ ಮುಂದಿನ ಗಾಜಿನಲ್ಲಿ ಕಾಣುತ್ತಿದ್ದ ರಸ್ತೆಯ ತುದಿಯಂತೆ. ನಾನು ಕುರ್ಚಿ ಬಿಟ್ಟು ಆ ಕಿಟಕಿಗೆ ಹೋದೆ. ನೋಟ್‌ಬುಕ್ಕನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನೋಡದೆ ಬರೆಯಲು ಶುರು ಮಾಡಿದೆ.

ನೋಡದೆ ಕೆಲಸ ಮಾಡುವುದನ್ನು ತುಮಕೂರಿನ ಶಿರಾ ಗೇಟಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತಿದ್ದೆ. ಕಾಲೇಜು ಬಿಟ್ಟ ಮೇಲೆ ಬಸ್ಸಿಗೆ ಹೊತ್ತಿರುತ್ತಿತ್ತು ಎಂದು ಅಪ್ಪ ಸೇರಿಸಿದ್ದರು. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಅವರ ಕೆಲಸ. ಅಲ್ಲಿನ ಆಫೀಸಿನಲ್ಲಿ ಟೈಪಿಂಗ್ ಬಲ್ಲವರಿಗೆ ಇದ್ದ ಮರ್ಯಾದೆ ಕಂಡಿದ್ದರು. ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಕೀಲಿಗಳ ಮೇಲೆ ನಮ್ಮ ಬೆರಳು ಇರಿಸಿ, ಕೈಗಳ ಮೇಲೆ ಟವೆಲ್ ಹೊದಿಸುತ್ತಿದ್ದರು. ‘ಬೆರಳು ಎಲ್ಲೂ ಓಡೋಗಲ್ಲ, ಅದನ್ಯಾಕೆ ಕಾಯ್ತೀಯಾ? ಕಣ್ಣು ಮೇಲಿಡು.’ ಹೊರಗೆ ಲಾರಿಗಳ ಹಾರ್ನ್, ಒಳಗೆ ಸಾಲು ಟೈಪ್‌ರೈಟರುಗಳ ಗದ್ದಲ, ಟವೆಲ್ ಕೆಳಗೆ ಕುರುಡು ಬೆರಳುಗಳು.

ಪೆನ್ನಿಗೆ ಆ ಶಿಸ್ತು ಸುಲಭವಾಗಿ ಒಗ್ಗಲಿಲ್ಲ. ಮೊದಲ ದಿನದ ಬರಹದಲ್ಲಿ ಸಾಲಿನ ಮೇಲೆ ಸಾಲು ಬಿದ್ದು ಇರುವೆ ಗೂಡಾಗಿತ್ತು. ಎಡಗೈ ಹೆಬ್ಬೆರಳನ್ನು ಸಾಲಿನ ಶುರುವಿಗೆ ಇಟ್ಟು, ಸಾಲು ಮುಗಿದಂತೆ ಒಂದು ಬೆರಳು ಅಗಲ ಕೆಳಗೆ ಜರುಗಿಸುವುದನ್ನು ಕಂಡುಕೊಂಡೆ. ಕೇಳಿದ್ದನ್ನೆಲ್ಲ ಬರೆಯಲು ಆಗುತ್ತಿರಲಿಲ್ಲ, ಬೇಕಾದ್ದನ್ನು ಆರಿಸಬೇಕಿತ್ತು. ಮುಂದೆ ಪತ್ರಿಕೆಯ ಕೆಲಸದಲ್ಲಿ, ಮಾತಾಡುವವರ ಮುಖದಿಂದ ಕಣ್ಣು ಕೀಳದೆ ಬರೆದುಕೊಳ್ಳಲು ನೆರವಾದದ್ದು ಇದೇ.

ಪ್ರೊಫೆಸರಿಗೆ ಇದು ಇಷ್ಟವಾಗಲಿಲ್ಲ. ಪಾಠದ ನಡುವೆ ನಿಲ್ಲಿಸಿ, ‘ಕಿಟಕಿಯ ಹತ್ತಿರ ಇರುವವರು ಪಾಠ ಕೇಳುತ್ತಿದ್ದಾರೋ, ಸಮುದ್ರ ನೋಡುತ್ತಿದ್ದಾರೋ?’ ಎಂದರು.

‘ಎರಡೂ ಸರ್.’

‘ಹಾಗಾದರೆ ಈಗ ಹೇಳಿದ್ದನ್ನು ಹೇಳಿ.’

ಅವರು ಹೇಳಿದ್ದ ಕ್ರಮದಲ್ಲೇ ಹೇಳಿದೆ: ಮುಂಗಾರಿನಲ್ಲಿ ಸೊಮಾಲಿಯಾದ ತೀರಗುಂಟ ಪ್ರವಾಹ ಉತ್ತರಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಗಾಳಿ ತಿರುಗಿದರೆ ನೀರೂ ತಿರುಗುತ್ತದೆ, ಹಾಯಿ ಹಡಗಿನ ವ್ಯಾಪಾರಿಗಳು ಇದನ್ನೇ ನಂಬಿ ಹೋಗಿ ಬರುತ್ತಿದ್ದರು. ಹೇಳುವಾಗಲೂ ಗೆರೆಯಿಂದ ಕಣ್ಣು ತೆಗೆಯಲಿಲ್ಲ. ಹಿಂದೆ ಯಾರೋ ನಕ್ಕರು. ಪ್ರೊಫೆಸರು ಕಂಬದಿಂದ ಕಂಬಕ್ಕೆ ಹಿಡಿದುಕೊಂಡು ಬಂದು ನನ್ನ ನೋಟ್‌ಬುಕ್ ನೋಡಿದರು. ‘ಇದನ್ನು ನಿಮಗೆ ಓದಲು ಬರುತ್ತದೆಯೇ?’ ಎಂದರು. ಬರುತ್ತದೆ ಎಂದೆ. ಅಲ್ಲೇ ನಿಲ್ಲಲು ಬಿಟ್ಟರು.

ಆಮೇಲಿನ ದಿನಗಳಿಗೆ ಒಂದು ಹದ ಬಂತು. ಬೆಳಿಗ್ಗೆ ಉಂಡೆಗಳನ್ನು ಕಟ್ಟಿ ಕರವಸ್ತ್ರದಲ್ಲಿ ಗಂಟು ಹಾಕಿಕೊಳ್ಳುವುದು. ಪಾಠದ ನಡುವೆ ಒಂದೊಂದು. ಊಟದ ಹಾಲಿಗೆ ಹೋಗಿ ಅನ್ನ, ಬೇಯಿಸಿದ ಆಲೂಗಡ್ಡೆ, ಸಾಧ್ಯವಾದಷ್ಟು. ಲೈಬ್ರರಿಯಲ್ಲಿ ಓದುವುದು ಆಗದು. ಜೊತೆಗಾತಿ ಡೆಕ್ಕಿನ ಮೇಲೆ ಗಟ್ಟಿಯಾಗಿ ಓದುತ್ತಿದ್ದಳು, ನಾನು ಗೆರೆ ನೋಡುತ್ತ ಕೇಳಿಸಿಕೊಂಡು ಅವಳಿಗೆ ಅರ್ಥ ಹೇಳುತ್ತಿದ್ದೆ. ಅವಳಿಗೆ ಓದು ಬೇಗ, ಅರ್ಥ ತಡ. ನಡುನಡುವೆ ಹಡಗಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಪಶ್ಚಿಮಕ್ಕೆ ಹೋದಂತೆ ದಿನ ಉದ್ದವಾಗುತ್ತಿತ್ತು, ನನ್ನ ಚೀಲ ಸಣ್ಣದಾಗುತ್ತಿತ್ತು.

ಬಂದರಿಗೆ ಇನ್ನೇನು ಒಂದು ಹಗಲಿನ ದಾರಿ ಎನ್ನುವಾಗ ಸಮುದ್ರ ಮತ್ತೆ ಎದ್ದಿತು. ಅದೇ ದಿನ ಡಾಕ್ಟರಮ್ಮ ತರಗತಿಗೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಯಾಕೆಂದು ಅವರು ಹೇಳಬೇಕಿರಲಿಲ್ಲ. ಹಡಗು ಒಂದು ಕಡೆಗೆ ವಾಲಿದಾಗ ಕಿಟಕಿಯ ತುಂಬ ನೀರೇ ಕಾಣುತ್ತಿತ್ತು, ಇನ್ನೊಂದು ಕಡೆಗೆ ವಾಲಿದಾಗ ಆಕಾಶವೇ. ಗೆರೆ ಬಂದು ಬಂದು ಹೋಗುತ್ತಿತ್ತು. ಬಂದಾಗ ಹಿಡಿದುಕೊಂಡೆ, ಹೋದಾಗ ಅದು ಇರಬೇಕಾದ ಜಾಗ ನೋಡಿದೆ. ಬಾಯಿಗೆ ನೀರು ಬಂತು. ಗಂಟು ಬಿಚ್ಚಿ ಒಂದು ಉಂಡೆ ಹಾಕಿಕೊಂಡೆ. ಗಂಟಲಿನಲ್ಲಿ ಅದೂ ನಾನೂ ಸ್ವಲ್ಪ ಹೊತ್ತು ಜಗಳಾಡಿದೆವು. ಕೆಳಗಿಳಿಯಿತು. ಹೆಬ್ಬೆರಳು ಜರುಗಿಸಿ ಮುಂದಿನ ಸಾಲು ಬರೆದೆ. ಬೆನ್ನ ಹಿಂದೆ ಯಾರೋ ಓಡಿದ ಸದ್ದಾಯಿತು. ಬಾಗಿಲು ಬಡಿದುಕೊಂಡಿತು.

ಪಾಠ ಮುಗಿದು ತಿರುಗಿದಾಗ ಡಾಕ್ಟರಮ್ಮನ ಕುರ್ಚಿ ಖಾಲಿ. ಓಡಿದ್ದು ಮುಂದಿನ ಸಾಲಿನ, ಅಷ್ಟು ದಿನ ಗಟ್ಟಿಮುಟ್ಟಾಗಿದ್ದ ಹುಡುಗ. ಅವನ ಹಿಂದೆ ಅವರೂ ಹೋಗಿದ್ದರು. ಅವರ ಕೋಣೆಗೆ ಹೋದೆ. ಆ ಹುಡುಗ ಮಂಚದ ಮೇಲೆ ಮಲಗಿದ್ದ. ಡಾಕ್ಟರಮ್ಮ ನನ್ನ ನಾಡಿ ಹಿಡಿದು, ನಾಲಿಗೆ ನೋಡಿ, ‘ಪಾಠ ಮುಗಿಯಿತೇ?’ ಎಂದರು.

‘ಮುಗಿಯಿತು.’

‘ಪೂರ್ತಿ ಇದ್ದಿರಾ?’

‘ಇದ್ದೆ.’

‘ನಾಳೆ ಎಲ್ಲರ ಜೊತೆ ಇಳಿಯಿರಿ, ಎಲ್ಲರ ಜೊತೆ ಹತ್ತಿ. ಪೆಟ್ಟಿಗೆ ಇಲ್ಲೇ ಇರಲಿ.’ ಇಷ್ಟು ಹೇಳಿ ಆ ಹುಡುಗನ ಕಡೆ ತಿರುಗಿದರು.

ಮೊಂಬಾಸಾದಲ್ಲಿ ಇಳಿದವಳೇ ಫೋನ್ ಬೂತ್ ಹುಡುಕಿದೆ. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಪಕ್ಕದ ಮನೆಗೆ ಮಾಡಿ, ಇಟ್ಟು, ಅಮ್ಮ ಬರುವಷ್ಟು ಹೊತ್ತು ಬಿಟ್ಟು ಮತ್ತೆ ಮಾಡಿದೆ.

‘ಯಾವೂರಲ್ಲಿ ಇದೀಯವ್ವ?’

‘ಆಫ್ರಿಕಾ ಕಣಮ್ಮ.’

‘ಶಿವ ಶಿವಾ. ಹಡಗು ನಿಂತೈತಾ?’

‘ನಿಂತಿದೆ.’

‘ಹಂಗಾದ್ರೆ ಈಗ್ಲೇ ಹೊಟ್ಟೆತುಂಬ ಉಣ್ಣು. ಹೊರಟ ಮೇಲೆ ಮುಟ್ಬ್ಯಾಡ.’

‘ಅಮ್ಮ, ಹಡಗು ಓಡ್ತಾ ಇರುವಾಗ್ಲೇ ತಿನ್ನಬೇಕು. ನಾನು ತಿಂತಾನೇ ಬಂದೆ.’

‘ಯಾರ್ ಹೇಳಿದ್ದು ಹಂಗಂತ?’

‘ಡಾಕ್ಟ್ರು.’

‘ಅವ್ರು ಯಾವತ್ತಾದ್ರೂ ಗುಬ್ಬಿ ಬಸ್ ಹತ್ತವ್ರಾ?’

‘ಇಲ್ಲ.’

‘ಮತ್ತೆ!’ ಎಂದಳು ಅಮ್ಮ. ಆಮೇಲೆ ದನಿ ಇಳಿಸಿ ಕೇಳಿದಳು, ‘ಹಿಟ್ಟು ಐತಾ?’

‘ಮುಗೀತು.’

‘ಆಗ್ದಿದ್ರೆ ಬಂದ್ಬುಡೇ. ಯಾರೇನ್ ಅಂದ್ಕೊಂಡ್ರೂ ಅಂದ್ಕೊಳ್ಳಿ ಬುಡು.’

‘ಇಲ್ಲಮ್ಮ. ಮುಗಿಸ್ಕೊಂಡೇ ಬರ್ತೀನಿ.’

ಮಧ್ಯಾಹ್ನ ಪ್ರೊಫೆಸರು ನಮ್ಮನ್ನು ಮಾರುಕಟ್ಟೆಗೆ ಕರೆದೊಯ್ದರು. ಯಾವ ವಸ್ತು ಎಲ್ಲಿಂದ ಬಂದದ್ದು ಎಂದು ಕೇಳಿ ಬರೆದುಕೊಳ್ಳುವುದು ಅಂದಿನ ಪಾಠ. ಮಸಾಲೆ ಅಂಗಡಿಗಳ ಸಾಲು ದಾಟಿ ಧಾನ್ಯದ ಸಾಲಿಗೆ ಬಂದೆವು. ಬಾಯಿ ತೆರೆದಿಟ್ಟ ಒಂದು ಮೂಟೆಯ ಮುಂದೆ ನನ್ನ ಕಾಲು ನಿಂತಿತು. ಕೈ ಹಾಕಿ, ಒಂದು ಹಿಡಿ ಎತ್ತಿ, ಬೆರಳ ಸಂದಿನಲ್ಲಿ ಬಿಟ್ಟೆ. ರಾಗಿ. ಅಂಗಡಿಯ ಹೆಂಗಸು ಅದಕ್ಕೆ ತನ್ನ ಭಾಷೆಯ ಹೆಸರು ಹೇಳಿದಳು, ಕೈಯಲ್ಲಿ ಸೌಟು ತಿರುಗಿಸಿದಂತೆ ಮಾಡಿ, ಲೋಟದಿಂದ ಕುಡಿದಂತೆ ಮಾಡಿ ತೋರಿಸಿದಳು. ನಾನು ಎರಡೂ ಕೈಯಲ್ಲಿ ಉಂಡೆ ಕಟ್ಟಿ ತೋರಿಸಿದೆ. ಅವಳು ಪಕ್ಕದ ಅಂಗಡಿಯವಳನ್ನು ಕೂಗಿ ಕರೆದು ನನ್ನನ್ನು ತೋರಿಸಿ ನಕ್ಕಳು. ಬೀಸಿದ ಹಿಟ್ಟೂ ಇತ್ತು. ಹುರಿದದ್ದಲ್ಲ, ಹಸಿ ಹಿಟ್ಟು. ಹೊರುವಷ್ಟು ತೆಗೆದುಕೊಂಡೆ.

ಹಡಗಿಗೆ ಮರಳಿ ಅಡುಗೆಮನೆಯ ಬಾಗಿಲಿಗೆ ಹೋದಾಗ ಮಂಗಳೂರಿನವರು ಚೀಲ ನೋಡಿ ಹಣೆ ಚಚ್ಚಿಕೊಂಡರು.

‘ಆಫ್ರಿಕಾದಲ್ಲೂ ಸಿಮೆಂಟ್ ಸಿಗ್ತದಾ ಮಾರಾಯ್ರೆ?’

‘ಸಿಗ್ತದೆ. ಆದ್ರೆ ಇದನ್ನ ಬೇಯಿಸ್ಬೇಕು. ಒಲೆ ಕೊಡಿ.’

‘ಬಡಿಸುವ ಹೊತ್ತು ಮುಗಿಲಿ. ಆದರೆ ಆಗ ಹಡಗು ಹೊರಟಿರ್ತದೆ. ಅಲ್ಲಾಡುವಾಗ ನಿಮಗೆ ಆಗ್ತದಾ?’

‘ಪಾತ್ರೆ ನೀವು ಹಿಡ್ಕೊಳ್ಳಿ. ತಿರುಗಿಸೋದು ನಾನು.’

ಸಿಬ್ಬಂದಿಯ ಸಣ್ಣ ಅಡುಗೆಮನೆಯಲ್ಲಿ ಎಸರು ಕುದಿಯಿತು. ಅವರು ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಪಾತ್ರೆ ಅದುಮಿ ನಿಂತರು. ಮುದ್ದೆ ಕೋಲಿಲ್ಲದ್ದಕ್ಕೆ ಮರದ ಸೌಟು ತಿರುಗಿಸಿಟ್ಟುಕೊಂಡು ಅದರ ಹಿಡಿಯಿಂದ ಹಿಟ್ಟು ತೊಳಸಿದೆ. ಕಾಲ ಕೆಳಗೆ ಇಂಜಿನ್ನಿನ ನಡುಕ ಆಗಲೇ ಶುರುವಾಗಿತ್ತು. ಬಂದರಿನ ದೀಪಗಳು ದುಂಡು ಕಿಟಕಿಯಲ್ಲಿ ಒಂದೊಂದಾಗಿ ಹಿಂದೆ ಸರಿದವು. ಗಂಟು ಒಡೆದು, ಕೈ ಒದ್ದೆ ಮಾಡಿಕೊಂಡು, ಮುದ್ದೆ ಕಟ್ಟಿದೆ. ಒಂದು ಅವರಿಗೆ, ಒಂದು ನನಗೆ. ಜೊತೆಗೆ ಬೇಳೆಯ ಸಾರು ಕೊಟ್ಟರು, ಮೀನಿಲ್ಲವೆಂದು ಆಣೆ ಮಾಡಿ.

ನೆಲ ಒಮ್ಮೆ ಎಡಕ್ಕೆ ವಾಲಿತು. ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೆ. ಹಡಗು ಹೊರಟಿತ್ತು. ಉಣ್ಣಲು ಕೂತೆ.